ಅಪ್ಪ ವಾಪಸ್ ಕೊಟ್ಟ 40,000

ಹೋದ ಭಾನುವಾರ ಬೆಳಿಗ್ಗೆ ಏಳಕ್ಕೇ ವೈನಿ, ಅಂದರೆ ಅಣ್ಣನ ಹೆಂಡತಿ, ಫೋನ್ ಮಾಡಿದರು. ಅಷ್ಟು ಬೇಗ ಅವರ ಫೋನ್ ಬಂತೆಂದರೆ ಒಂದೋ ಯಾರಿಗೋ ಆರಾಮಿಲ್ಲ, ಇಲ್ಲಾ ವಾಟ್ಸಾಪ್‌ನಲ್ಲಿ ಏನೋ ಬಂದಿದೆ. ಈ ಸಲ ವಾಟ್ಸಾಪ್.

"ಅಲ್ಲವ್ವಾ, ನಮ್ಮ ಪಾಲಿಸಿ ಕಂಪನಿ ದಿವಾಳಿ ಏಳ್ತದಂತ. ಮಂದಿ ಪಾಲಿಸಿ ಮುರಸ್ಲಿಕತ್ತಾರಂತ. ನಾವೂ ಮೊದಲೇ ಹೋಗಿ ರೊಕ್ಕ ತೊಗೊಂಡು ಬಿಡಬೇಕಲ್ಲ?"

ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರದ ಒಂದು ಸಣ್ಣ ಖೋಲಿಯಲ್ಲಿ ಕೂತು ನಾನು ಜಿಎಸ್‌ಟಿ, ಇನ್‌ಕಮ್ ಟ್ಯಾಕ್ಸ್ ರಿಟರ್ನ್ ತುಂಬಿಕೊಡುತ್ತೇನೆ. ಅದಕ್ಕೇ ಮನೆಯಲ್ಲಿ ರೊಕ್ಕದ ಪ್ರಶ್ನೆ ಏನೇ ಬಂದರೂ ನನಗೇ ಫೋನ್. ಮೆಸೇಜ್ ಓದಿದೆ. ಯಾರು ಬರೆದದ್ದು, ಎಂದು ಬರೆದದ್ದು, ಒಂದೂ ಇರಲಿಲ್ಲ. ಸುಳ್ಳು, ಸುಮ್ನೆ ಇರ್ರಿ ಅಂತ ಹೇಳಿ ಫೋನ್ ಇಡಬಹುದಿತ್ತು. ಆದರೆ ಆ "ಮೊದಲೇ ಹೋಗಿ" ಅನ್ನುವ ಮಾತು ನನ್ನನ್ನು ಹಿಡಿದು ನಿಲ್ಲಿಸಿತು. ನಮ್ಮ ಮನೆಯಲ್ಲಿ ಆ ಮಾತಿಗೆ 1994ರ ಒಂದು ಕಥೆ ಇದೆ. ವೈನಿ ಆಗಿನ್ನೂ ನಮ್ಮ ಮನೆಗೆ ಬಂದಿರಲಿಲ್ಲ.

ಅಪ್ಪನದು ಗಂಜ್‌ನಲ್ಲಿ, ಅಂದರೆ ಕಾಳುಕಡಿ ಮಾರುಕಟ್ಟೆಯಲ್ಲಿ, ಅಡತಿ ಅಂಗಡಿ. ರೈತರು ತೊಗರಿ ತರುತ್ತಾರೆ, ಸವಾಲು (ಹರಾಜು) ಆಗುತ್ತದೆ, ದಾಲ್ ಮಿಲ್ಲಿನವರು ಮಾಲು ಎತ್ತುತ್ತಾರೆ. ರೈತನಿಗೆ ಅಡತಿಯವನು ಅಂದೇ ಇಲ್ಲಾ ಮರುದಿನ ರೊಕ್ಕ ಎಣಿಸಬೇಕು. ಮಿಲ್ಲಿನವರು ಕೊಡುವುದು ಹದಿನೈದು ದಿನಕ್ಕೋ ತಿಂಗಳಿಗೋ. ನಡುವಿನ ಆ ಉದ್ರಿಯೇ ಅಡತಿಯವನ ಧಂಧೆ, ಅವನ ಎದೆನೋವು ಕೂಡ ಅದೇ.

ಅಪ್ಪ ಜಾಸ್ತಿ ಮಾಲು ಕೊಡುತ್ತಿದ್ದ ಒಂದು ಮಿಲ್ಲಿನ ಸಾಹುಕಾರರು ನಮಗೆ ಹತ್ತಿರದವರು. ಮಕ್ಕಳೆಲ್ಲ ಮಿಲ್ಲಿನ ಕಾಕಾ ಅಂತಿದ್ದೆವು. ಆ ವರ್ಷ ಎಳ್ಳಮಾವಾಸ್ಯೆ ಮುಗಿದು, ಸಂಕ್ರಾಂತಿಯ ಮರುದಿನ, ಜನವರಿ 15ರ ಶನಿವಾರ ಅವರು ಮನೆಗೆ ಬಂದರು. ನನಗೆ ಆಗ 11 ವರ್ಷ. ಅವ್ವ ಸಜ್ಜೆ ರೊಟ್ಟಿ, ಭಜ್ಜಿ ಬಡಿಸಿದಳು. ಉಂಡರು, ಚಹಾ ಕುಡಿದರು. ಹೋಗುವಾಗ ಬಗಲಚೀಲದಿಂದ ನೂರರ ನೋಟಿನ ನಾಲ್ಕು ಕಟ್ಟು ತೆಗೆದು ಅಪ್ಪನ ಮುಂದೆ ಇಟ್ಟರು. 40,000. ಬರಬೇಕಾದದ್ದು ಒಟ್ಟು 1,18,000.

"ತಮ್ಮಾ, ಇಷ್ಟು ಇಟ್ಕೊ. ಉಳದಿದ್ದು ದೇವರು ನೋಡ್ತಾನ."

ಅಪ್ಪ ರಸೀದಿ ಬರೆದುಕೊಟ್ಟರು, ದಿನಾಂಕ ಹಾಕಿ. ಆ ದಿನಾಂಕವೇ ಮುಂದೆ ಕುತ್ತಿಗೆಗೆ ಬಂತು.

ಮಾರ್ಚ್ 28ಕ್ಕೆ ಕಾಕಾ ಐಪಿ ಹಾಕಿದರು. ನಮ್ಮ ಕಡೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೊರಗಿನವರಿಗೆ ಮಾತ್ರ ಹೇಳುತ್ತೇನೆ: ಇನ್‌ಸಾಲ್ವೆನ್ಸಿ ಪಿಟಿಷನ್. ಸಾಲ ತೀರಿಸಲು ನನ್ನಿಂದ ಆಗುವುದಿಲ್ಲ, ನನ್ನನ್ನು ದಿವಾಳಿ ಅಂತ ಸಾರಿ ಎಂದು ಕೋರ್ಟಿಗೆ ಬರೆದುಕೊಡುವುದು. "ಅಂವ ಐಪಿ ಕೊಟ್ಟ" ಅಂದರೆ ಗಂಜ್‌ನಲ್ಲಿ ಸತ್ತ ಸುದ್ದಿ ಬಂದ ಹಾಗೆ. ಹಮಾಲರು ಚೀಲ ಕೆಳಗಿಟ್ಟು ಕೇಳುತ್ತಾರೆ.

ಕೋರ್ಟು ಒಬ್ಬ ರಿಸೀವರ್‌ನನ್ನು ನೇಮಿಸಿತು. ದಿವಾಳಿಯಾದವನ ಮಿಲ್ಲು, ಗೋದಾಮು, ಬರಬೇಕಾದ ಬಾಕಿ ಎಲ್ಲ ಅವರ ಕೈಗೆ. ಸಾಲ ಕೊಟ್ಟವರೆಲ್ಲ ತಮ್ಮ ತಮ್ಮ ಲೆಕ್ಕ, ಪಟ್ಟಿ, ಪ್ರಮಾಣಪತ್ರ ಹಿಡಿದು ಕ್ಲೇಮ್ ಹಾಕಬೇಕು. ಅಪ್ಪ 78,000ಕ್ಕೆ ಹಾಕಿದರು. ಎರಡು ತಿಂಗಳಾದ ಮೇಲೆ ರಿಸೀವರ್ ಕಡೆಯಿಂದ ನೋಟೀಸು ಬಂತು. ಜನವರಿಯಲ್ಲಿ ತೆಗೆದುಕೊಂಡ 40,000 ವಾಪಸ್ ಕಟ್ಟಿ ಅಂತ.

ಅಪ್ಪನಿಗೆ ಅಷ್ಟು ಸಿಟ್ಟು ಬಂದದ್ದನ್ನು ನಾನು ಮತ್ತೆಂದೂ ನೋಡಿಲ್ಲ. "ಕಳವು ಮಾಡೀನೇನು? ನಮ್ಮ ರೊಕ್ಕ ನಾವು ತೊಗೊಂಡೀವಿ!" ಸರಿಯೇ ಅಲ್ವಾ? ಸಾಲ ನಿಜ, ಮಾಲು ನಿಜ, ರಸೀದಿಯೂ ನಿಜ.

1920ರ ಹಳೇ ದಿವಾಳಿ ಕಾಯ್ದೆ ಹೇಳುವುದು ಬೇರೆ. ಐಪಿ ಹಾಕುವ ಹಿಂದಿನ ಮೂರು ತಿಂಗಳಲ್ಲಿ, ಮುಳುಗುತ್ತಿದ್ದೇನೆ ಅಂತ ಗೊತ್ತಿದ್ದವನು, ಉಳಿದವರನ್ನು ಬಿಟ್ಟು ಒಬ್ಬನಿಗೇ ಅನುಕೂಲ ಆಗಲಿ ಅಂತ ರೊಕ್ಕ ಕೊಟ್ಟಿದ್ದರೆ ಅದು ನಿಲ್ಲುವುದಿಲ್ಲ. ವಕೀಲರು ಇದನ್ನು ಪ್ರಿಫರೆನ್ಸ್ ಅಂತಾರೆ. ಜನವರಿ 15ರಿಂದ ಮಾರ್ಚ್ 28ಕ್ಕೆ 72 ದಿನ. ಇನ್ನು 20 ದಿನ ತಡೆದು ಕಾಕಾ ಕೋರ್ಟಿಗೆ ಹೋಗಿದ್ದರೆ ಆ 40,000 ನಮ್ಮದೇ ಆಗಿ ಉಳಿಯುತ್ತಿತ್ತು.

ಇಲ್ಲಿ ಒಂದು ಸಂದು ಇತ್ತು. ಕಾಯ್ದೆ ಕೇಳುವುದು ಕೊಟ್ಟವನ ಮನಸ್ಸನ್ನು. ತಾನಾಗಿ, ಒಲವಿನಿಂದ ಕೊಟ್ಟನೋ? ರದ್ದು. ಸಾಲ ಕೊಟ್ಟವನು ಬಾಗಿಲಿಗೆ ಬಂದು ಕೂತ, ಗದ್ದಲ ಮಾಡಿದ, ಹೆದರಿ ಕೊಟ್ಟನೋ? ಆಗ ಅದು ಒಲವಲ್ಲ, ಒತ್ತಾಯ. ನಿಲ್ಲುತ್ತದೆ. ನಮ್ಮ ವಕೀಲರು ಅದನ್ನೇ ಹಿಡಿದರು.

"ಸಾಹುಕಾರ್ರೆ, ಒಂದೇ ಮಾತು ಹೇಳ್ರಿ. ನೀವು ಅವರ ಮನಿಗಿ ಹೋಗಿ ಗದ್ಲ ಮಾಡಿದ್ರಿ, ಅವರು ಅಂಜಿ ಕೊಟ್ರು. ಅಷ್ಟಂದ್ರ ಕೇಸ್ ಖಲಾಸ್."

ಅಪ್ಪ ಅಂದರು, "ಗದ್ಲ ಎಲ್ಲಿ ಮಾಡೀನ್ರಿ? ಅಂವ ನಮ್ಮ ಮನಿಗಿ ಬಂದು, ಭಜ್ಜಿ ರೊಟ್ಟಿ ಉಂಡು, ಚಹಾ ಕುಡದು ಕೊಟ್ಟಾನ."

ವಕೀಲರು ಫೈಲು ಮುಚ್ಚಿದರಂತೆ.

ಅದೇ ಫೆಬ್ರುವರಿಯಲ್ಲಿ ಒಬ್ಬ ಲಾರಿ ಮಾಲೀಕ ತನ್ನ ಲಾರಿಯನ್ನು ಮಿಲ್ಲಿನ ಗೇಟಿಗೆ ಅಡ್ಡ ನಿಲ್ಲಿಸಿ, ಎರಡು ದಿನ ಬಾಯಿಗೆ ಬಂದಂತೆ ಬೈದು, 25,000 ವಸೂಲು ಮಾಡಿದ್ದ. ಅದನ್ನು ರಿಸೀವರ್‌ಗೆ ಮುಟ್ಟಲು ಆಗಲಿಲ್ಲ. ಒತ್ತಾಯ ಅಲ್ವಾ! ಚಹಾ ಕುಡಿಸಿದವರ ರೊಕ್ಕ ವಾಪಸ್ ಹೋಯಿತು, ಬೈದವನದು ಉಳಿಯಿತು. ಅಪ್ಪ ಎರಡು ಕಂತಿನಲ್ಲಿ 40,000 ಕಟ್ಟಿದರು. ಒಂದು ಕಂತಿಗೆ ಅವ್ವನ ಪಾಟ್ಲಿ ಹೋದವು.

ಕಾಕಾನ ಮನೆಯದು ಇನ್ನೊಂದು ಕಥೆ. ಐಪಿ ಹಾಕುವ 14 ತಿಂಗಳ ಹಿಂದೆ ಅದು ಅವರ ಹೆಂಡತಿಯ ತಮ್ಮನ ಹೆಸರಿಗೆ ಹೋಗಿತ್ತು. ಖರೀದಿ ಪತ್ರದಲ್ಲಿದ್ದ ಬೆಲೆ ನೋಡಿ ಗಂಜ್ ಪೂರ್ತಿ ನಕ್ಕಿತು. ಇದಕ್ಕೆ ಮೂರು ತಿಂಗಳ ಲೆಕ್ಕ ಇಲ್ಲ. ನಿಜವಾದ ಬೆಲೆ ಕೊಡದೆ, ಪ್ರಾಮಾಣಿಕವಲ್ಲದೆ ಆಸ್ತಿ ಕೈ ಬದಲಾದರೆ ಎರಡು ವರ್ಷ ಹಿಂದಕ್ಕೂ ಹೋಗಿ ರದ್ದು ಮಾಡಿಸಬಹುದು. ರದ್ದು ಮಾಡಿಸಬಹುದು ಅಂದೆ, ತಾನೇ ರದ್ದಾಗುತ್ತದೆ ಅನ್ನಲಿಲ್ಲ. ರಿಸೀವರ್ ಕೇಳಿ, ಕೋರ್ಟು ಒಪ್ಪುವ ತನಕ ಆ ಪತ್ರ ಗಟ್ಟಿಯೇ. ಯಾರೂ ಕೇಳದಿದ್ದರೆ ಹಾಗೇ ದಕ್ಕಿಬಿಡುತ್ತದೆ. ನಮ್ಮ ರಿಸೀವರ್ ಕೇಳಿದರು. ಮನೆ ಹರಾಜಾಯಿತು. ಕೊನೆಗೆ ಹಂಚಲು ಬಂದ ರೊಕ್ಕದಲ್ಲಿ ದೊಡ್ಡ ಪಾಲು ಆ ಮನೆಯದೇ.

ಇದನ್ನೆಲ್ಲ ನಾನು ಮರೆತೇ ಇದ್ದೆ. ನೆನಪಾದದ್ದು ಹೈದರಾಬಾದಿನಲ್ಲಿ.

2006ರಿಂದ ಮೂರು ವರ್ಷ ಅಲ್ಲಿ ರಾತ್ರಿ ಪಾಳಿ ಮಾಡಿದೆ. ಶನಿವಾರ ಹುಸೇನಸಾಗರ್ ಎಕ್ಸ್‌ಪ್ರೆಸ್ ಹಿಡಿದು ಊರಿಗೆ, ಸೋಮವಾರ ಮತ್ತೆ ಕಂಪ್ಯೂಟರ್ ಮುಂದೆ. ಅಮೆರಿಕದಲ್ಲಿ ಮುಳುಗಿದ ಒಂದು ವಿಮಾ ಕಂಪನಿಯ ಕ್ಲೇಮ್ ಅರ್ಜಿಗಳ ಸ್ಕ್ಯಾನ್ ಬರುತ್ತಿದ್ದವು. ಹೆಸರು, ಪಾಲಿಸಿ ನಂಬರ್, ಎಷ್ಟು ರೊಕ್ಕ, ಅಂಚೆ ಮುದ್ರೆಯ ದಿನಾಂಕ, ಇಷ್ಟನ್ನು ಟೈಪ್ ಮಾಡಬೇಕು. ಛಾವಣಿ ಹಾರಿಹೋದವರು, ಕೆಲಸದಲ್ಲಿ ಕೈ ಕಳೆದುಕೊಂಡವರು, ಕಮಿಷನ್ ಬಾಕಿ ಇರುವ ಏಜೆಂಟರು, ಕಚೇರಿಗೆ ಕಾಗದ ಪೂರೈಸಿದ ಅಂಗಡಿಯವರು. ಮುಳುಗಿದ ಕಂಪನಿಯ ಮುಂದೆ ಇವರೆಲ್ಲ ಒಂದೇ ಸಾಲಿನಲ್ಲಿ ನಿಂತಿದ್ದಾರೆ ಅಂತ ನಾನು ತಿಳಿದಿದ್ದೆ. ಹಾಗಿರಲಿಲ್ಲ.

ಅಮೆರಿಕದ ಸಾಮಾನ್ಯ ದಿವಾಳಿ ಕಾನೂನು ವಿಮಾ ಕಂಪನಿಗಳಿಗೆ ಬರುವುದೇ ಇಲ್ಲ. ಆಯಾ ರಾಜ್ಯದ ವಿಮಾ ಕಮಿಷನರೇ ರಿಸೀವರ್ ಆಗುತ್ತಾರೆ, ಆ ರಾಜ್ಯದ ಕೋರ್ಟಿನ ಕೆಳಗೆ. ಸಾಲಿನಲ್ಲಿ ಮೊದಲು ರಿಸೀವರ್ ಕೆಲಸದ ಖರ್ಚು. ಆಮೇಲೆ ಪಾಲಿಸಿದಾರರು. ಕಾಗದದ ಅಂಗಡಿಯವನ ಸರದಿ ಬಹಳ ಕೆಳಗೆ, ಕಂಪನಿಯ ಷೇರುದಾರರು ಎಲ್ಲರಿಗಿಂತ ಕೊನೆಗೆ. ಸರ್ಕಾರದ ಬಾಕಿಗಿಂತ ಪಾಲಿಸಿದಾರರು ಮುಂದೆ ಇರಬಹುದೇ ಅನ್ನುವ ಜಗಳ ಅಲ್ಲಿನ ಸುಪ್ರೀಂ ಕೋರ್ಟಿಗೂ ಹೋಗಿತ್ತು. ಓಹಾಯೊ ರಾಜ್ಯದ ಕೇಸು, 1993. ನಾಲ್ಕಕ್ಕೆ ಐದು ಮತದಿಂದ ಪಾಲಿಸಿದಾರರು ಗೆದ್ದರು. ಒಂದೇ ಮತ!

ಕ್ಲೇಮ್‌ಗೆ ಕೊನೆಯ ದಿನ ಅಂತ ಒಂದು ಇರುತ್ತದೆ. ಪೆನ್ಸಿಲ್ವೇನಿಯಾದ ರಿಲಯನ್ಸ್ ಇನ್ಶೂರೆನ್ಸ್ ಅನ್ನುವ ದೊಡ್ಡ ಕಂಪನಿ (ನಮ್ಮ ರಿಲಯನ್ಸ್‌ಗೂ ಇದಕ್ಕೂ ಸಂಬಂಧ ಇಲ್ಲ) 2001ರ ಅಕ್ಟೋಬರ್ 3ಕ್ಕೆ ಲಿಕ್ವಿಡೇಷನ್‌ಗೆ, ಅಂದರೆ ಮುಚ್ಚಿ ಆಸ್ತಿ ಹಂಚುವ ಹಂತಕ್ಕೆ, ಹೋಯಿತು. ಕ್ಲೇಮ್ ಹಾಕಲು 2003ರ ಡಿಸೆಂಬರ್ 31ರ ತನಕ ಗಡುವು. ಎರಡು ವರ್ಷದ ಮೇಲಾಯಿತು ಅನಿಸುತ್ತದೆ. ಆದರೂ ಇಂಥ ಕೇಸುಗಳಲ್ಲಿ ಒಂದು ವಾರ ತಡವಾದ ಲಕೋಟೆಗಳು ಬಂದೇ ಬರುತ್ತವೆ. ನಾನು ಅಂಥವನ್ನು ಬೇರೆ ಕೋಡ್ ಹಾಕಿ ಕೆಳಗಿನ ಸಾಲಿಗೆ ತಳ್ಳುತ್ತಿದ್ದೆ. ಒಂದು ಲಕೋಟೆಯ ಜೊತೆ ಮುದುಕಿಯೊಬ್ಬಳ ಕೈಬರಹದ ಚೀಟಿ ಇತ್ತು, ಆಸ್ಪತ್ರೆಯಲ್ಲಿದ್ದೆ ಅಂತ. ಚೀಟಿ ಟೈಪ್ ಮಾಡಲು ನನ್ನ ಸ್ಕ್ರೀನಿನಲ್ಲಿ ಜಾಗ ಇರಲಿಲ್ಲ.

ಒಂದು ದಿನ ತರಬೇತಿಯಲ್ಲಿ ನಮ್ಮ ಟೀಮ್ ಲೀಡ್ ಒಂದು ಚಾರ್ಟ್ ಹಾಕಿದರು. ಕಂಪನಿ ಮುಳುಗುವ ಮುಂಚೆ ಯಾರಿಗೆಲ್ಲ ರೊಕ್ಕ ಹೋಗಿದೆ ಅನ್ನುವುದನ್ನು ಬೇರೆ ತಂಡ ಹುಡುಕುತ್ತದೆ, ಅವರಿಗೆ ಈ ದಿನಾಂಕಗಳು ಬೇಕು ಅಂದರು. ಎಷ್ಟೋ ರಾಜ್ಯಗಳಲ್ಲಿ ಅರ್ಜಿಯ ಹಿಂದಿನ ಒಂದು ವರ್ಷ ನೋಡುತ್ತಾರೆ. ಕೊನೆಯ ನಾಲ್ಕು ತಿಂಗಳಲ್ಲಿ ಹಳೇ ಸಾಲಕ್ಕೆ ಕೊಟ್ಟದ್ದಾದರೆ ದಿನಾಂಕವೇ ಸಾಕು. ಅದಕ್ಕಿಂತ ಹಿಂದಿನದಾದರೆ, ಆಗಲೇ ಕಂಪನಿ ದಿವಾಳಿ ಸ್ಥಿತಿಯಲ್ಲಿತ್ತೇ, ಪಡೆದವನಿಗೆ ಅದು ಗೊತ್ತಾಗುವಂತಿತ್ತೇ, ಅವನು ಒಳಗಿನವನೇ ಅಂತ ಕೇಳುತ್ತಾರೆ.

ನಾನು ಕೈ ಎತ್ತಿ ಕೇಳಿದೆ, "ಸರ್, ಪ್ರೀತಿಯಿಂದ ಕೊಟ್ಟಿದ್ದೋ ಹೆದರಿ ಕೊಟ್ಟಿದ್ದೋ ನೋಡಲ್ವಾ?"

ಎಲ್ಲರೂ ನಕ್ಕರು. ಅವರು ನಗಲಿಲ್ಲ. "ದಿನಾಂಕ ನೋಡು. ಮನಸ್ಸು ನೋಡಲು ಯಾರಿಗೆ ಆಗುತ್ತೆ?" ಅಂದರು.

ಆ ರಾತ್ರಿ ಕ್ಯಾಂಟೀನಿನಲ್ಲಿ ಕೂತಾಗ ಅಪ್ಪನ 72 ದಿನ ಒಮ್ಮೆಲೇ ಅರ್ಥವಾಯಿತು. ಆ ಲಾರಿಯವನೂ. ಅಮೆರಿಕದ ಲೆಕ್ಕಕ್ಕೆ ಇಬ್ಬರೂ ಒಂದೇ, ಇಬ್ಬರೂ ವಾಪಸ್ ಕಟ್ಟಬೇಕು. ನನಗೆ ಅದೇ ನ್ಯಾಯ ಅನಿಸುತ್ತದೆ, ಈಗಲೂ. ನಮ್ಮಲ್ಲೂ 2016ರ ದಿವಾಳಿ ಸಂಹಿತೆಯ ಅಡಿ ಬರುವ ಕಂಪನಿಗಳಿಗೆ ಮನಸ್ಸಿನ ಪ್ರಶ್ನೆ ಹೋಯಿತು. 2020ರಲ್ಲಿ ಜೇಪೀ ಇನ್‌ಫ್ರಾಟೆಕ್ ಕೇಸಿನಲ್ಲಿ ಸುಪ್ರೀಂ ಕೋರ್ಟು ಉದ್ದೇಶ ನೋಡಬೇಕಾಗಿಲ್ಲ ಅಂದಿತು. ಅಪ್ಪ ಇದ್ದಿದ್ದರೆ ಆ ತೀರ್ಪನ್ನು ಓದಿ ಹೇಳುತ್ತಿದ್ದೆ.

ಇನ್ನೊಂದು ಸಂಗತಿ ನನಗೆ ಬಹಳ ಇಷ್ಟ. ವಿಮಾ ಕಂಪನಿ ತನ್ನ ಅಪಾಯವನ್ನು ಇನ್ನೊಂದು ದೊಡ್ಡ ಕಂಪನಿಗೆ ಹಂಚಿರುತ್ತದೆ, ಮರುವಿಮೆ ಅಂತ. ಕಂಪನಿ ಮುಳುಗಿದಾಗ ಮರುವಿಮೆಯವರು ಒಂದು ತಂತ್ರ ಹೂಡಿದರು: ನೀವು ಪಾಲಿಸಿದಾರರಿಗೆ ಕೊಟ್ಟರೆ ತಾನೇ ನಾವು ನಿಮಗೆ ಕೊಡುವುದು? ನೀವು ಕೊಟ್ಟೇ ಇಲ್ಲವಲ್ಲ! 1937ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಒಂದು ಕೇಸಿನಲ್ಲಿ ಇದನ್ನು ಒಪ್ಪಿಯೂ ಬಿಟ್ಟಿತು. ಆಮೇಲೆ ರಾಜ್ಯಗಳು ಎಚ್ಚೆತ್ತು, ಕಂಪನಿ ಮುಳುಗಿದರೂ ರಿಸೀವರ್‌ಗೆ ಪೂರ್ತಿ ಕೊಡಬೇಕು ಅನ್ನುವ ಷರತ್ತನ್ನು ಮರುವಿಮೆ ಕರಾರಿನಲ್ಲೇ ಬರೆಸಿದವು. ನಮ್ಮ ಗಂಜ್‌ನ ಯಾವ ಮುನೀಮನಿಗೆ ಹೇಳಿದರೂ ಇದು ತಟ್ಟನೆ ಅರ್ಥವಾಗುತ್ತದೆ.

ಈಗ ವೈನಿ ಪಾಲಿಸಿಗೆ ಬರುತ್ತೇನೆ. ವರ್ಷಕ್ಕೆ 18,400 ಕಂತು, ಅಪ್ಪ ಇದ್ದಾಗಿನಿಂದ ಕಟ್ಟುತ್ತಿದ್ದಾರೆ. ಖಾಸಗಿ ಕಂಪನಿ.

ಎಲ್‌ಐಸಿ ಆಗಿದ್ದರೆ ಮಾತು ಬೇಗ ಮುಗಿಯುತ್ತಿತ್ತು. ಅಲ್ಲಿನ ವಿಮೆ ಮೊತ್ತಕ್ಕೂ ಬೋನಸ್ಸಿಗೂ ಕೇಂದ್ರ ಸರ್ಕಾರದ ಗ್ಯಾರಂಟಿ ಕಾಯ್ದೆಯಲ್ಲೇ ಇದೆ. ಆ ಗ್ಯಾರಂಟಿ ಸುಮ್ನೆ ಬಂದದ್ದಲ್ಲ. 1956ಕ್ಕೆ ಮುಂಚೆ ಜೀವವಿಮಾ ಕಂಪನಿಗಳು ಮುಳುಗುವುದು ಹೊಸತೇನಲ್ಲ. ಉದ್ಯಮಿ ರಾಮಕೃಷ್ಣ ದಾಲ್ಮಿಯಾ ತಮ್ಮ ಕೈಯಲ್ಲಿದ್ದ ಭಾರತ್ ಇನ್ಶೂರೆನ್ಸ್ ಕಂಪನಿಯ ಎರಡು ಕೋಟಿಗೂ ಜಾಸ್ತಿ ರೊಕ್ಕವನ್ನು ಸಟ್ಟಾಕ್ಕೆ ಹಾಕಿದ್ದರು. ಫಿರೋಜ್ ಗಾಂಧಿ 1955ರ ಡಿಸೆಂಬರ್‌ನಲ್ಲಿ ಲೋಕಸಭೆಯಲ್ಲಿ ಅದನ್ನು ಎತ್ತಿದರು. ದಾಲ್ಮಿಯಾಗೆ ಮುಂದೆ ಜೈಲಾಯಿತು. 1956ರ ಜನವರಿ 19ಕ್ಕೆ ಸುಗ್ರೀವಾಜ್ಞೆ, ಸೆಪ್ಟೆಂಬರ್ 1ಕ್ಕೆ 245 ಕಂಪನಿ, ಸೊಸೈಟಿಗಳು ಸೇರಿ ಎಲ್‌ಐಸಿ. ಕಲಬುರಗಿ ಆಗಿನ್ನೂ ಹೈದರಾಬಾದ್ ರಾಜ್ಯದಲ್ಲಿತ್ತು. ನಾವು ಮೈಸೂರು ರಾಜ್ಯಕ್ಕೆ ಸೇರುವ ಎರಡು ತಿಂಗಳ ಮುಂಚೆಯೇ ಎಲ್‌ಐಸಿಗೆ ಸೇರಿದ್ದೆವು!

ಖಾಸಗಿ ಕಂಪನಿಗೆ ಆ ಗ್ಯಾರಂಟಿ ಇಲ್ಲ. ಬ್ಯಾಂಕಿನಲ್ಲಿ ಇಟ್ಟ ರೊಕ್ಕಕ್ಕೆ 2020ರಿಂದ 5 ಲಕ್ಷದ ತನಕ ವಿಮೆ ಇದೆ. ಅಮೆರಿಕದಲ್ಲಿ ವಿಮಾ ಕಂಪನಿ ಮುಳುಗಿದರೆ ಪ್ರತಿ ರಾಜ್ಯದಲ್ಲೂ ಒಂದು ಗ್ಯಾರಂಟಿ ಸಂಘ ಒಂದು ಮಿತಿಯ ತನಕ ಕೊಡುತ್ತದೆ. ನಮ್ಮಲ್ಲಿ ಅಂಥ ಸಂಘ ಇಲ್ಲ. ಈ ಮಾತು ಹೇಳಿದಾಗ ವೈನಿ, "ಹಂಗಾದ್ರ ಮುರಸೂದೇ ಚಲೋ ಅಲ್ಲ?" ಅಂದರು. ಅಲ್ಲ.

ನಮ್ಮಲ್ಲಿ ತಡೆ ಇರುವುದು ಮೊದಲಿಗೇ. ಕಂಪನಿ ತನ್ನ ಹೊಣೆಯನ್ನೆಲ್ಲ ಕಳೆದ ಮೇಲೂ, ನಿಯಮ ಕೇಳುವ ಹೆಚ್ಚುವರಿ ರೊಕ್ಕದ ಒಂದೂವರೆ ಪಟ್ಟು ಸದಾ ಕೈಯಲ್ಲಿ ಇಟ್ಟಿರಬೇಕು. ಅದು ಇಳಿದರೆ ವಿಮಾ ಕಂಪನಿಗಳ ಮೇಲೆ ಕಣ್ಣಿಡುವ ಪ್ರಾಧಿಕಾರ ಐಆರ್‌ಡಿಎಐ ಬೆನ್ನು ಹತ್ತುತ್ತದೆ. ಕಂಪನಿ ಪಾಲಿಸಿದಾರರ ಹಿತಕ್ಕೆ ವಿರುದ್ಧ ನಡೆಯುತ್ತಿದೆ ಅನಿಸಿದರೆ 1938ರ ವಿಮಾ ಕಾಯ್ದೆಯ ಅಡಿ ಆಡಳಿತಾಧಿಕಾರಿಯನ್ನು ಕೂಡಿಸಬಹುದು. ಕಂಪನಿಯ ಆಸ್ತಿ ನುಂಗಿದವರು ಅದನ್ನು ಮಾರದಂತೆ ತಡೆಯುವ ಅಧಿಕಾರವೂ ಆ ಆಡಳಿತಾಧಿಕಾರಿಗೆ ಇದೆ. ಹೆಂಡತಿಯ ತಮ್ಮನ ಹೆಸರಿಗೆ ಬರೆಯುವ ಮೊದಲೇ ಕೈ ಹಿಡಿಯುವುದು, ಅಷ್ಟೇ.

2017ರ ಜೂನ್‌ನಲ್ಲಿ ಸಹಾರಾ ಲೈಫ್‌ಗೆ ಹಾಗೆ ಆಡಳಿತಾಧಿಕಾರಿ ಬಂದರು. 2023ರ ಜೂನ್‌ನಲ್ಲಿ ಅದರ ಸುಮಾರು 2 ಲಕ್ಷ ಪಾಲಿಸಿಗಳನ್ನು ಎಸ್‌ಬಿಐ ಲೈಫ್‌ಗೆ ವಹಿಸಲು ಆದೇಶವಾಯಿತು, ಮೇಲ್ಮನವಿ ಮಂಡಳಿ ಅದಕ್ಕೆ ತಡೆ ಕೊಟ್ಟಿತು. ವೈನಿಗೆ ಇದರಿಂದ ತೋರಿಸಬೇಕಿದ್ದದ್ದು ಒಂದೇ: ಮೊದಲ ಪ್ರಯತ್ನ ಪಾಲಿಸಿಯನ್ನು ಜೀವಂತವಾಗಿ ಇನ್ನೊಬ್ಬರ ಕೈಗೆ ದಾಟಿಸುವುದು. ಗಾಬರಿಯಲ್ಲಿ ಮುರಿಸಿದವರಿಗೆ ದಾಟಲು ಏನೂ ಉಳಿದಿರುವುದಿಲ್ಲ. ಕಟ್ಟಿದ್ದರಲ್ಲಿ ಕಡಿತ ಬೇರೆ.

ನಿಜಕ್ಕೂ ಮುಚ್ಚುವ ಹಂತ ಬಂದರೆ ಟ್ರಿಬ್ಯೂನಲ್, ಲಿಕ್ವಿಡೇಟರ್, ಕ್ಲೇಮ್. 2016ರ ಸಂಹಿತೆ ವಿಮಾ ಕಂಪನಿಗಳಿಗೆ ಇಲ್ಲ. ಕಂಪನಿ ಕಾಯ್ದೆಯ ಲೆಕ್ಕದಲ್ಲಿ ಒಬ್ಬರಿಗೇ ಒಲವು ತೋರಿ ಕೊಟ್ಟದ್ದನ್ನು ಆರು ತಿಂಗಳು ಹಿಂದಕ್ಕೆ ಹೋಗಿ ಕೆದಕಬಹುದು, ಪ್ರಾಮಾಣಿಕವಲ್ಲದ ಆಸ್ತಿ ವರ್ಗಾವಣೆಯಾದರೆ ಒಂದು ವರ್ಷ. ಅಪ್ಪನ 72 ದಿನ ಅಲ್ಲೂ ಸಿಕ್ಕಿಬೀಳುತ್ತಿತ್ತು.

ಅಪ್ಪನ ಲೆಕ್ಕ ಮುಗಿದದ್ದು 1999ರಲ್ಲಿ. 40,000 ವಾಪಸ್ ಕಟ್ಟಿದ್ದಕ್ಕೆ ಅವರ ಕ್ಲೇಮ್ ಮತ್ತೆ 1,18,000 ಆಯಿತು. ರೂಪಾಯಿಗೆ 14 ಪೈಸೆ ಬಂತು. 16,520. ನಮ್ಮ ಓಣಿಯಲ್ಲೇ ಗೋಣಿಚೀಲ ಮಾರುತ್ತಿದ್ದ ಒಬ್ಬ ಆಯಿಗೆ 6,200 ಬರಬೇಕಿತ್ತು. ಅವಳಿಗೆ 868 ಬಂತು. ಜನವರಿಯ ಆ ಶನಿವಾರ ಅವಳ ಮನೆಗೆ ಯಾರೂ ರೊಕ್ಕದ ಕಟ್ಟು ಒಯ್ದಿರಲಿಲ್ಲ, ಲಾರಿ ಅಡ್ಡ ಹಾಕಲು ಅವಳ ಹತ್ತಿರ ಲಾರಿಯೂ ಇರಲಿಲ್ಲ. ಅಪ್ಪ ಖಾತೆ ಬುಕ್ಕಿನಲ್ಲಿ ತನ್ನ ಮೊತ್ತದ ಕೆಳಗೆ ಅವಳ 868ನ್ನೂ ಬರೆದಿಟ್ಟಿದ್ದಾರೆ. ಯಾಕೆ ಅಂತ ನಾನು ಕೇಳಿರಲಿಲ್ಲ.

ವೈನಿ ಇಷ್ಟೆಲ್ಲ ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಕೇಳಿದ್ದು ಪಾಲಿಸಿ ಬಗ್ಗೆ ಅಲ್ಲ.

"ಆ ಮಿಲ್ಲಿನ ಕಾಕಾ ಮತ್ತ ನಿಮ್ಮ ಮನಿಗಿ ಬಂದಿದ್ರೇನು?"

ಬಂದಿದ್ದರು. 2011ರಲ್ಲಿ, ಅಪ್ಪ ಹೋದ ಮೂರನೇ ದಿನ. ಕಟ್ಟೆಯ ಮೇಲೆ ಕೂತರು. ಅವ್ವ ಚಹಾ ಕಳಿಸಿದಳು. ಕುಡಿಯಲಿಲ್ಲ, ಕಪ್ಪನ್ನು ಕೈಯಲ್ಲಿ ಹಿಡಿದು ಆರುವ ತನಕ ಕೂತು ಎದ್ದು ಹೋದರು.

ವೈನಿ ಶನಿವಾರ ಬಾಂಡ್ ತರುತ್ತಾರಂತೆ. ಟ್ರಂಕಿನ ಕೀಲಿ ಅಣ್ಣನ ಹತ್ತಿರ ಇದೆಯಂತೆ, ಅಣ್ಣ ಸೇಡಂಗೆ ಹೋಗಿದ್ದಾನೆ. ನಾಮಿನಿ ಹೆಸರು ಇನ್ನೂ ಅಪ್ಪನದೇ ಇದ್ದರೆ ಮೊದಲು ಅದನ್ನು ಬದಲಿಸಬೇಕು.